ಬಸ್ಸಿನೊಳಗೆ ಕುಳಿತವರಿಗೆ: ಜನಾಂಗೀಯ ದ್ವೇಷದ ಎದುರು ಸಾಮಾನ್ಯರು ಮಾಡಬಹುದಾದ ಕೆಲಸಗಳು

2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರು ಹೆಂಗಸೊಬ್ಬರಿಗೆ ಗುದ್ದಿತು. ಅವರು ತೀರಿಕೊಂಡರು. ಸ್ವಲ್ಪ ಹೊತ್ತಿನ ಬಳಿಕ ಅದೇ ದಾರಿಯಲ್ಲಿ ಬಂದ ಇನ್ನೊಂದು ಕಾರನ್ನು ಗುಂಪು ಅಡ್ಡಗಟ್ಟಿತು. ಅದರಲ್ಲಿದ್ದವರು ತಾಂಜಾನಿಯಾದ ವಿದ್ಯಾರ್ಥಿಗಳು. ಅಪಘಾತಕ್ಕೂ ಅವರಿಗೂ ಸಂಬಂಧವಿರಲಿಲ್ಲ, ಸುಡಾನಿಗೂ ತಾಂಜಾನಿಯಾಕ್ಕೂ ನಡುವೆ ಬೇರೆ ದೇಶಗಳೇ ಇವೆ. ಆದರೆ ಗುಂಪಿಗೆ ಕಂಡದ್ದು ಚರ್ಮದ ಬಣ್ಣ ಮಾತ್ರ. ಕಾರಿನಲ್ಲಿದ್ದ ಯುವತಿಯನ್ನು ಹೊಡೆದು, ಬಟ್ಟೆ ಹರಿದು, ಕಾರಿಗೆ ಬೆಂಕಿ ಇಟ್ಟರು. ತಪ್ಪಿಸಿಕೊಳ್ಳಲು ಆಕೆ ಬಸ್ಸು ಹತ್ತಲು ಹೋದಾಗ ಒಳಗಿದ್ದವರು ಹೊರಕ್ಕೆ ನೂಕಿದರು ಎಂದು ಆಗ ಪತ್ರಿಕೆಗಳು ವರದಿ ಮಾಡಿದವು. ಮೈ ಮುಚ್ಚಿಕೊಳ್ಳಲು ತನ್ನ ಅಂಗಿ ಕೊಡಹೋದವನಿಗೂ ಏಟು ಬಿತ್ತಂತೆ.

ಇಷ್ಟು ವರ್ಷಗಳಾದರೂ ನನ್ನ ತಲೆಯಲ್ಲಿ ಉಳಿದಿರುವುದು ಆ ಗುಂಪಲ್ಲ, ಆ ಬಸ್ಸು. ಗುಂಪಿನಲ್ಲಿ ಇರುವವರು ಇಂಥ ಲೇಖನ ಓದುವವರಲ್ಲ. ಬಸ್ಸಿನಲ್ಲಿ ಕುಳಿತವರು ಓದುತ್ತಾರೆ. ಅವರಲ್ಲಿ ನಾನೂ ಒಬ್ಬ, ಬಹುಶಃ ನೀವೂ ಒಬ್ಬರು. ಮನೆಗೆ ಬೇಗ ಸೇರಬೇಕು, ನಮಗ್ಯಾಕೆ ಬೇಕು ಇನ್ನೊಬ್ಬರ ತಂಟೆ, ಪೊಲೀಸು ಕೋರ್ಟು ಅಂತ ಅಲೆಯುವವರು ಯಾರು ಎನ್ನುವ ಜನ ನಾವು. ಜನಾಂಗೀಯ ದ್ವೇಷದ ವಿರುದ್ಧ ಹೋರಾಟ ಎಂದರೆ ಫ್ರೀಡಂ ಪಾರ್ಕಿನಲ್ಲಿ ಫಲಕ ಹಿಡಿದು ನಿಲ್ಲುವುದು ಎಂದುಕೊಂಡು, ಅದು ನಮ್ಮ ಕೈಲಾಗದ್ದು ಎಂದು ಸುಮ್ಮನಾಗುತ್ತೇವೆ. ಫಲಕ ಹಿಡಿಯುವವರೂ ಬೇಕು. ಆದರೆ ಬಸ್ಸಿನ ಬಾಗಿಲು, ಅಂಗಡಿಯ ಬಾಗಿಲು, ಬಾಡಿಗೆ ಮನೆಯ ಬಾಗಿಲು, ಇವುಗಳ ಪಕ್ಕದಲ್ಲಿ ದಿನವೂ ನಿಂತಿರುವವರು ನಾವೇ. ಈ ಬರಹ ಆ ಬಾಗಿಲುಗಳ ಕುರಿತದ್ದು.

ಮೊದಲು, ಯಾರ ಮಾತು ಇದು

ಕರ್ನಾಟಕದಲ್ಲಿ ಈ ಪೆಟ್ಟು ಹೆಚ್ಚಾಗಿ ಬೀಳುವುದು ಮೂರು ಬಗೆಯ ಜನರಿಗೆ. ಓದಲು, ದುಡಿಯಲು ಬಂದ ಈಶಾನ್ಯ ರಾಜ್ಯಗಳವರು. ಆಫ್ರಿಕಾದ ದೇಶಗಳಿಂದ ಬಂದ ವಿದ್ಯಾರ್ಥಿಗಳು. ಮೂರನೆಯವರು ಎಲ್ಲಿಂದಲೂ ಬಂದವರಲ್ಲ, ನಮ್ಮ ಸಿದ್ದಿಗಳು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದ ಕಾಡಂಚಿನಲ್ಲಿ ಶತಮಾನಗಳಿಂದ ಬದುಕಿದವರು. ಆಫ್ರಿಕಾ ಮೂಲದ ಇವರ ಪೂರ್ವಿಕರಲ್ಲಿ ಅನೇಕರನ್ನು ಗುಲಾಮರಾಗಿ ಇಲ್ಲಿಗೆ ತಂದದ್ದು ಪೋರ್ಚುಗೀಸರು, ಅರಬ್ ವ್ಯಾಪಾರಿಗಳು. ಕನ್ನಡ, ಕೊಂಕಣಿ ಆಡುವ ಸಿದ್ದಿ ಯುವಕ ಬೆಂಗಳೂರಿಗೆ ಬಂದರೆ ಆಟೋದವರು ಇಂಗ್ಲಿಷಿನಲ್ಲಿ ಮಾತಾಡಿಸುತ್ತಾರೆ, ಯಾವ ದೇಶ ಎಂದು ಕೇಳುತ್ತಾರೆ. ಯಲ್ಲಾಪುರ ಎಂದರೆ ನಗುತ್ತಾರೆ. ಸಿದ್ದಿಗಳಿಗೆ ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದೇ 2003ರಲ್ಲಿ. ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ. ಶಾಸನಸಭೆಯೊಳಗೆ ಕಾಲಿಟ್ಟ ಮೊದಲ ಸಿದ್ದಿ ಅವರು.

ಜಾತಿ ಇರುವ ಊರಿನಲ್ಲಿ ಜನಾಂಗದ ಮಾತು ಯಾಕೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಹುಟ್ಟನ್ನು ನೋಡಿ ಮನುಷ್ಯನಿಗೆ ಬೆಲೆ ಕಟ್ಟುವುದನ್ನು ನಾವು ಕಲಿತದ್ದು ಜಾತಿಯ ಪಾಠಶಾಲೆಯಲ್ಲಿ. ಹೊಸಬರ ಮೇಲೆ ಪ್ರಯೋಗಿಸುವುದು ಅದೇ ಪಾಠವನ್ನು. 1965ರ ವಿಶ್ವಸಂಸ್ಥೆಯ ಒಡಂಬಡಿಕೆ ಜನಾಂಗೀಯ ತಾರತಮ್ಯವನ್ನು ವಿವರಿಸುವಾಗ ಬಣ್ಣ, ವಂಶ, ರಾಷ್ಟ್ರೀಯ ಅಥವಾ ಜನಾಂಗೀಯ ಮೂಲ ಎಲ್ಲವನ್ನೂ ಸೇರಿಸಿತು. ಭಾರತ ಅದನ್ನು 1968ರಲ್ಲಿ ಅನುಮೋದಿಸಿತು. 'ವಂಶ' ಎಂಬ ಮಾತಿನೊಳಗೆ ಜಾತಿ ಬರುತ್ತದೆಯೇ ಎಂಬ ಜಗಳ ಜನಾಂಗೀಯ ದ್ವೇಷದ ವಿರುದ್ಧ ವಿಶ್ವಸಂಸ್ಥೆ 2001ರಲ್ಲಿ ನಡೆಸಿದ ಡರ್ಬನ್ ಸಮ್ಮೇಳನದಲ್ಲಿ ಜೋರಾಗಿಯೇ ನಡೆಯಿತು. ಒಂದರ ವಿರುದ್ಧ ದನಿ ಎತ್ತಿ ಇನ್ನೊಂದನ್ನು ಮನೆಯಲ್ಲಿ ಸಾಕಿಕೊಂಡರೆ ಪಕ್ಕದ ಮನೆಯ ಹುಡುಗನೂ ನಂಬುವುದಿಲ್ಲ.

ಹಂತ 1: ಮನೆಯೊಳಗಿನ ಮಾತು

ಚಿಂಕಿ, ಚೈನಾ, ಮೊಮೊ, ಕರಿಯ, ನೀಗ್ರೋ. ಈ ಮಾತುಗಳು ಮೊದಲು ಕಿವಿಗೆ ಬೀಳುವುದು ಬೀದಿಯಲ್ಲಲ್ಲ, ಊಟದ ಹೊತ್ತಿನಲ್ಲಿ. ತಿದ್ದುವುದು ಹೇಗೆ ಎಂಬುದರಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಒಂದು ಮದುವೆ ಮನೆಯಲ್ಲಿ ಹತ್ತು ಜನರೆದುರು ಸೋದರಮಾವನಿಗೆ ಭಾಷಣ ಬಿಗಿದೆ. ಅವರು ಮಾತು ಹಿಂತೆಗೆದುಕೊಳ್ಳಲಿಲ್ಲ, ಎರಡು ವರ್ಷ ನನ್ನೊಡನೆ ಮಾತೇ ಬಿಟ್ಟರು.

ಹಿರಿಯರಿಗೆ ಹೇಳಬೇಕಾದ್ದನ್ನು ಹೇಳುವ ಜಾಗ ಅಡುಗೆಮನೆ, ಅವರೆಕಾಯಿ ಸುಲಿಯುವ ಹೊತ್ತು. 'ಮಾವ, ನೀವು ಆವತ್ತು ಆ ಹುಡುಗಿಯನ್ನು ಹಾಗೆ ಕರೆದಿರಲ್ಲ, ಅವಳು ಮಣಿಪುರದವಳು, ಹೆಸರು ಇಂಥದ್ದು. ನಮ್ಮ ಹುಡುಗ ಅಮೆರಿಕದಲ್ಲಿದ್ದಾನಲ್ಲ, ಅವನನ್ನು ಯಾರಾದರೂ ಬಣ್ಣ ನೋಡಿ ಕರೆದರೆ ನಿಮಗೆ ಹೇಗಾಗುತ್ತದೆ?' ಇಷ್ಟು ಸಾಕು. ಉತ್ತರ ಬರಲೇಬೇಕೆಂದು ಕಾಯಬೇಡಿ. ಒಬ್ಬರ ಹೆಸರು, ಊರು ಗೊತ್ತಾದ ಮೇಲೆ ಅಡ್ಡಹೆಸರು ಬಾಯಿಗೆ ಬರುವುದು ಸ್ವಲ್ಪ ತಡವಾಗುತ್ತದೆ, ಅಷ್ಟೇ ನಮಗೆ ಬೇಕಾದದ್ದು. ಬಂಧುಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿಯೂ ಎಲ್ಲರೆದುರು ಜಗಳಕ್ಕೆ ನಿಲ್ಲುವ ಬದಲು, ಕಳಿಸಿದವರಿಗೆ ಒಬ್ಬರಿಗೇ ಬರೆಯಿರಿ.

ಮಕ್ಕಳ ವಿಷಯದಲ್ಲಿ ಮಾತ್ರ ಸಂಕೋಚ ಬೇಡ, ಅಲ್ಲೇ ತಿದ್ದಿ. 'ಬಿಸಿಲಲ್ಲಿ ಆಡಬೇಡ, ಕಪ್ಪಾಗುತ್ತೀಯ' ಎನ್ನುವುದನ್ನೂ ನಿಲ್ಲಿಸಿ. ವಿಜಯಪುರದ ಪ್ರವಾಸಕ್ಕೆ ಹೋದರೆ ಗೋಳಗುಮ್ಮಟದ ಪಿಸುಮಾತಿನ ಜೊತೆಗೆ ಇದನ್ನೂ ಹೇಳಿ: ಆದಿಲ್‌ಶಾಹಿ ದರ್ಬಾರಿನಲ್ಲಿ ಆಡಳಿತದ ಚುಕ್ಕಾಣಿ ಹಿಡಿದಿದ್ದ ಇಖ್ಲಾಸ್ ಖಾನ್ ಆಫ್ರಿಕಾ ಮೂಲದವನು. ಕಪ್ಪು ಮೈಯವನು ಈ ನೆಲಕ್ಕೆ ನಿನ್ನೆ ಬಂದವನಲ್ಲ ಎಂಬುದು ಮಕ್ಕಳಿಗೆ ಕತೆಯಾಗಿಯೇ ಗೊತ್ತಾಗಲಿ.

ಹಂತ 2: ಕಣ್ಣೆದುರು ನಡೆಯುವಾಗ

ಇಲ್ಲಿ ಸಿಗುವುದು ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ಯೋಚಿಸಲು ಆಗುವುದಿಲ್ಲ. ಮೊದಲೇ ಯೋಚಿಸಿಟ್ಟದ್ದನ್ನು ಮಾಡಲು ಆಗುತ್ತದೆ.

ಒಮ್ಮೆ ಸಂಜೆಯ ಬಸ್ಸಿನಲ್ಲಿ ಇಬ್ಬರು ಹುಡುಗರು ಈಶಾನ್ಯದ ಕಡೆಯ ಹುಡುಗಿಯೊಬ್ಬಳ ಮುಖಕ್ಕೆ ಮೊಬೈಲ್ ಹಿಡಿದು ಕಣ್ಣು ಕಿರಿದು ಮಾಡಿ ಅಣಕಿಸುತ್ತಿದ್ದರು. ಅವಳು ಕಿಟಕಿಯ ಕಡೆ ತಿರುಗಿ ಕುಳಿತಿದ್ದಳು. ಬೈಯಬೇಕೆಂದು ನನ್ನ ಬಾಯಿ ಒಣಗಿತು, ಮಾತು ಹೊರಡಲಿಲ್ಲ. ಅಷ್ಟರಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಒಬ್ಬ ಹೆಂಗಸು ಎದ್ದು ಬಂದು, ಬುಟ್ಟಿಯನ್ನು ಆ ಹುಡುಗರಿಗೂ ಹುಡುಗಿಗೂ ನಡುವೆ ಇಟ್ಟು, ಪಕ್ಕದಲ್ಲಿ ಕುಳಿತು, 'ಎಲ್ಲಿ ಇಳೀತೀಯಮ್ಮ?' ಎಂದರು. ಹುಡುಗರ ಕಡೆ ನೋಡಲೂ ಇಲ್ಲ. ಹುಡುಗಿಗೆ ಕನ್ನಡ ಅರೆಬರೆ. ಆದರೂ ಇಬ್ಬರೂ ಯಶವಂತಪುರದ ತನಕ ಮಲ್ಲಿಗೆಯ ಮೊಳಕ್ಕೆ ಎಷ್ಟು ಎಂದು ಮಾತಾಡುತ್ತಾ ಹೋದರು. ಹುಡುಗರ ಮೊಬೈಲು ಜೇಬಿಗೆ ಹೋಯಿತು. ಈ ವಿಷಯದಲ್ಲಿ ನನಗೆ ಪಾಠ ಹೇಳಿದವರು ಆ ಹೆಂಗಸು. ಕೀಟಲೆ ಮಾಡುವವನನ್ನು ಬಿಟ್ಟು, ಅದಕ್ಕೆ ಗುರಿಯಾದವರನ್ನು ಮಾತಾಡಿಸಬೇಕು.

ಅದು ಸಾಲದಾದರೆ ಅಧಿಕಾರ ಇರುವವರನ್ನು ಎಳೆದು ತನ್ನಿ. ಬಸ್ಸಿನಲ್ಲಿ ನಿರ್ವಾಹಕರು, ಅಂಗಡಿಯಲ್ಲಿ ಮ್ಯಾನೇಜರು, ಮೆಟ್ರೋ ನಿಲ್ದಾಣದಲ್ಲಿ ಭದ್ರತಾ ಸಿಬ್ಬಂದಿ. 'ಸ್ವಲ್ಪ ನೋಡಿ' ಎಂದರೆ ಯಾರೂ ನೋಡುವುದಿಲ್ಲ. 'ಕಂಡಕ್ಟರ್ ಸರ್, ನೀಲಿ ಅಂಗಿಯವರು ಈ ಹುಡುಗಿಗೆ ತೊಂದರೆ ಕೊಡುತ್ತಿದ್ದಾರೆ, ಬಸ್ಸು ನಿಲ್ಲಿಸಿ' ಎಂದು ಬೊಟ್ಟು ಮಾಡಿ ಹೇಳಿ. ಹಾಗೆಯೇ ಪಕ್ಕದವರನ್ನೂ ಕರೆಯಿರಿ: 'ಅಣ್ಣ, ನೀವು ನನ್ನ ಜೊತೆ ನಿಂತುಕೊಳ್ಳಿ.' ಒಬ್ಬರು ಎದ್ದರೆ ಮೂವರು ಏಳುತ್ತಾರೆ, ಇದು ನಮ್ಮ ಬಸ್ಸುಗಳಲ್ಲಿ ಜೇಬುಗಳ್ಳ ಸಿಕ್ಕಾಗ ದಿನವೂ ಕಾಣುವ ಸಂಗತಿ. ಹೊಡೆತದ ಸೂಚನೆ ಕಂಡರೆ 112ಕ್ಕೆ ಕರೆ ಮಾಡಿ. ಬೆಂಗಳೂರಿನಲ್ಲಿ ಪೊಲೀಸರ ಹೊಯ್ಸಳ ಗಸ್ತು ವಾಹನ ಬರುತ್ತದೆ. ಎದ್ದು ಕಾಣುವ ಗುರುತೊಂದನ್ನು, ಕಂಬದ ಸಂಖ್ಯೆಯನ್ನೋ ಅಂಗಡಿಯ ಫಲಕವನ್ನೋ, ಹೇಳಿ.

ನೇರವಾಗಿ ಎದುರು ನಿಲ್ಲುವುದನ್ನು ಕೊನೆಗೆ ಇಟ್ಟಿದ್ದೇನೆ, ಹೇಡಿತನದಿಂದಲ್ಲ. 2017ರ ಫೆಬ್ರವರಿಯಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ಒಲೇತ ಎಂಬ ಊರಿನ ಬಾರೊಂದರಲ್ಲಿ, ನನ್ನ ದೇಶ ಬಿಟ್ಟು ತೊಲಗಿ ಎಂದು ಕಿರುಚಿದವನೊಬ್ಬ ಹೈದರಾಬಾದಿನ ಎಂಜಿನಿಯರ್ ಶ್ರೀನಿವಾಸ ಕೂಚಿಭೊಟ್ಲ ಅವರನ್ನು ಗುಂಡಿಟ್ಟು ಕೊಂದ. ತಡೆಯಲು ಹೋದ ಇಯಾನ್ ಗ್ರಿಲಟ್ ಎಂಬ ಸ್ಥಳೀಯ ಯುವಕನಿಗೂ ಗುಂಡು ತಗುಲಿತು, ಆತ ಬದುಕುಳಿದ. ಗ್ರಿಲಟ್‌ನನ್ನು ನಮ್ಮ ಪತ್ರಿಕೆಗಳು ಹೊಗಳಿದ್ದು ನ್ಯಾಯವೇ. ಹೆಸರಘಟ್ಟ ರಸ್ತೆಯಲ್ಲಿ ಅಂಗಿ ಕೊಡಹೋದವನ ಹೆಸರು ಮಾತ್ರ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅದಿರಲಿ. ಒಬ್ಬರೇ ಇದ್ದರೆ, ಎದುರಿಗಿರುವವರು ಕುಡಿದಿದ್ದರೆ, ಗುಂಪು ಸೇರಿದ್ದರೆ ಎದೆಯೊಡ್ಡಬೇಡಿ. ಗುರಿಯಾದವರನ್ನು ಹತ್ತಿರದ ಅಂಗಡಿಯೊಳಕ್ಕೆ ಕರೆದುಕೊಂಡು ಹೋಗಿ ಶಟರ್ ಎಳೆಸಿ. ಬಸ್ಸಿನಲ್ಲಿದ್ದರೆ ಅವರನ್ನು ಒಳಗೆ ಹತ್ತಿಸಿಕೊಂಡು ಬಾಗಿಲು ಹಾಕಿಸಿ.

ಎಲ್ಲ ಮುಗಿದ ಮೇಲೆ ಒಂದು ಮಾತು ಬಾಕಿ ಇರುತ್ತದೆ: 'ನಾನು ನೋಡಿದೆ, ತಪ್ಪು ಅವರದು. ನಿಮ್ಮ ಜೊತೆ ಬರಲೇ?' ಆಗ ನಿಮಗೆ ಏನೂ ಮಾಡಲಾಗಿರದಿದ್ದರೂ ಇದನ್ನು ಹೇಳಬಹುದು. ಫೋನ್ ನಂಬರು ಕೊಡಿ, ಅವರ ನಂಬರು ಕೇಳಬೇಡಿ. ಬೇಕಾದರೆ ಅವರೇ ಕರೆಯುತ್ತಾರೆ.

ಹಂತ 3: ಚಿತ್ರೀಕರಣ

2020ರ ಮಾರ್ಚಿನಲ್ಲಿ, ಲಾಕ್‌ಡೌನ್ ಶುರುವಾದ ದಿನಗಳಲ್ಲಿ, ಮೈಸೂರಿನ ದಿನಸಿ ಮಳಿಗೆಯೊಂದು ನಾಗಾಲ್ಯಾಂಡಿನ ಇಬ್ಬರು ಯುವಕರನ್ನು ಒಳಕ್ಕೆ ಬಿಡಲಿಲ್ಲ. ಭಾರತೀಯರಲ್ಲ ಎಂಬ ಅನುಮಾನ. ಆಧಾರ್ ತೋರಿಸಿದರೂ ಪ್ರಯೋಜನವಾಗಲಿಲ್ಲ. ವಿಡಿಯೋ ಹರಿದಾಡಿದ ಮೇಲೆ ಪೊಲೀಸರು ಮಳಿಗೆಯ ಸಿಬ್ಬಂದಿಯ ಮೇಲೆ ಕ್ರಮ ಕೈಗೊಂಡರು. ವಿಡಿಯೋ ಇರದಿದ್ದರೆ ಅದು ಇಬ್ಬರು ಹುಡುಗರ ಗೋಳಾಗಿ ಅಲ್ಲಿಗೇ ಮುಗಿಯುತ್ತಿತ್ತು.

ಚಿತ್ರೀಕರಿಸುವ ಮೊದಲು ಬೇರೆ ಯಾರಾದರೂ ಸಹಾಯಕ್ಕೆ ಹೋಗಿದ್ದಾರೆಯೇ ನೋಡಿ. ಯಾರೂ ಇಲ್ಲದಿದ್ದರೆ ಮೊಬೈಲ್ ಆಮೇಲೆ. ಇದ್ದರೆ ದೂರ ನಿಂತು, ಫೋನನ್ನು ಅಡ್ಡ ಹಿಡಿದು, ಮೊದಲು ಅಂಗಡಿಯ ಫಲಕ ಅಥವಾ ಬಸ್ಸಿನ ಸಂಖ್ಯೆ ತೆಗೆಯಿರಿ, ನಂತರ ಘಟನೆ. ಮೆಲ್ಲಗೆ ದಿನಾಂಕ, ಹೊತ್ತು ಹೇಳಿ. ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಬೇಡಿ. ತುಂಡು ತುಂಡಾದರೆ ಎದುರು ವಕೀಲರಿಗೆ ಹಬ್ಬ.

ಆಮೇಲಿನ ಕೆಲಸವೇ ಮುಖ್ಯ. ಮೂಲ ಫೈಲು ನಿಮ್ಮ ಫೋನಿನಲ್ಲಿಯೇ ಇರಲಿ, ಕತ್ತರಿಸಬೇಡಿ, ಹಾಡು ಸೇರಿಸಬೇಡಿ. ವಾಟ್ಸ್‌ಆ್ಯಪಿನಲ್ಲಿ ವಿಡಿಯೋ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ಯಾವಾಗ ತೆಗೆದದ್ದು ಎಂಬ ಒಳವಿವರ ಅಳಿಸಿಹೋಗುತ್ತದೆ. ಕಳಿಸಲೇಬೇಕಾದರೆ 'ಡಾಕ್ಯುಮೆಂಟ್' ಎಂದು ಕಳಿಸಿ, ಇಲ್ಲವೇ ಪೆನ್‌ಡ್ರೈವಿಗೆ ಹಾಕಿ. ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಇದು ಯಾವ ಸಾಧನದಿಂದ ಬಂದ ದಾಖಲೆ ಎಂದು ಹೇಳುವ ಕಾಗದ, ವಕೀಲರ ನೆರವಿನಿಂದ ತಯಾರಿಸಿಕೊಳ್ಳಬಹುದು.

ಜಾಲತಾಣಕ್ಕೆ ಹಾಕುವುದು ನಿಮ್ಮ ನಿರ್ಧಾರವಲ್ಲ, ಅವಮಾನಕ್ಕೆ ಒಳಗಾದವರದು. ಅವರು ಬೇಡ ಎಂದರೆ ಮುಗಿಯಿತು. ಹಾಕು ಎಂದರೂ ಅವರ ಮುಖ ಮಸುಕು ಮಾಡಿ. ಲೈಂಗಿಕ ದೌರ್ಜನ್ಯವೂ ಸೇರಿದ್ದರೆ ಸಂತ್ರಸ್ತೆಯ ಗುರುತು ಬಯಲು ಮಾಡುವುದೇ ಅಪರಾಧವಾಗಬಹುದು, ಉದ್ದೇಶ ಎಷ್ಟೇ ಒಳ್ಳೆಯದಿರಲಿ.

ಹಂತ 4: ಠಾಣೆಯ ಮೆಟ್ಟಿಲು

ಭಾರತದಲ್ಲಿ ಜನಾಂಗೀಯ ನಿಂದನೆಗೆಂದೇ ಪ್ರತ್ಯೇಕ ಕಾನೂನಿಲ್ಲ. 2014ರ ಜನವರಿಯಲ್ಲಿ ದಿಲ್ಲಿಯ ಲಜಪತ್ ನಗರದಲ್ಲಿ ಕೂದಲಿನ ಬಣ್ಣವನ್ನು ಅಣಕಿಸಿದವರೊಡನೆ ಜಗಳವಾಗಿ, ಹೊಡೆತ ತಿಂದು ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ ತೀರಿಕೊಂಡ ಮೇಲೆ ಈಶಾನ್ಯದವರ ಸಮಸ್ಯೆಗಳನ್ನು ನೋಡಲು ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿ ನೇಮಿಸಿತು. ದಂಡ ಸಂಹಿತೆಗೆ ಹೊಸ ಕಲಮುಗಳನ್ನು ಸೇರಿಸಿ ಎಂದು ಅದು ಅದೇ ವರ್ಷ ಶಿಫಾರಸು ಮಾಡಿತು. ದಂಡ ಸಂಹಿತೆಯೇ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು, ಆ ಕಲಮುಗಳು ಸಮಿತಿ ಕೇಳಿದ ರೂಪದಲ್ಲಿ ಬರಲಿಲ್ಲ.

ಹಾಗಾದರೆ ಕೈಯಲ್ಲಿರುವುದೇನು? ನ್ಯಾಯ ಸಂಹಿತೆಯ 196ನೇ ಕಲಮು, ಅಂದರೆ ಜನಾಂಗ, ಹುಟ್ಟಿದ ಊರು, ಭಾಷೆ, ಜಾತಿ ಮುಂತಾದ ಆಧಾರದ ಮೇಲೆ ವೈರ ಬಿತ್ತುವುದು, ಮೂರು ವರ್ಷದವರೆಗೆ ಸಜೆ. ಐದು ಅಥವಾ ಹೆಚ್ಚು ಜನ ಸೇರಿ ಇಂಥ ಆಧಾರದ ಮೇಲೆ ಕೊಂದರೆ 103(2), ತೀವ್ರವಾಗಿ ಗಾಯಗೊಳಿಸಿದರೆ 117(4). ಸಿದ್ದಿಗಳಂಥ ಪರಿಶಿಷ್ಟ ಪಂಗಡದವರನ್ನು ಸಾರ್ವಜನಿಕರ ಕಣ್ಣೆದುರು ಬೇಕೆಂದೇ ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ. ಅದರಡಿ ಎಫ್‌ಐಆರ್‌ಗೆ ಮುನ್ನ ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಅಂಗಡಿ, ಹೋಟೆಲುಗಳ ಪ್ರವೇಶಕ್ಕೆ ಜನಾಂಗದ ಹೆಸರಿನಲ್ಲಿ ಅಡ್ಡಿ ಮಾಡಕೂಡದು ಎಂದು ಸಂವಿಧಾನದ 15(2)ನೇ ವಿಧಿಯೇ ಬಾಯಿಬಿಟ್ಟು ಹೇಳುತ್ತದೆ. ಅದು ನಾಗರಿಕರಿಗೆ ಸಂಬಂಧಿಸಿದ್ದು. ಸಮಾನತೆಯ 14, ಜೀವದ ಹಕ್ಕಿನ 21ನೇ ವಿಧಿಗಳು ಈ ನೆಲದ ಮೇಲಿರುವ ಯಾವ ಮನುಷ್ಯನಿಗೂ ಅನ್ವಯ. ನೈಜೀರಿಯಾದವನಿಗೂ ಕಾಂಗೋದವನಿಗೂ.

ಠಾಣೆಯಲ್ಲಿ ಸಾಮಾನ್ಯವಾಗಿ ಆಗುವುದು ಇಷ್ಟು. 'ಹುಡುಗರು, ಬುದ್ಧಿ ಹೇಳಿ ಕಳಿಸೋಣ' ಎನ್ನುತ್ತಾರೆ, ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಇಲ್ಲವೇ ಸಣ್ಣ ಕಲಮು ಹಾಕಿ ಹಿಂಬರಹ ಕೊಟ್ಟು ಮುಗಿಸುತ್ತಾರೆ. ಇದಕ್ಕೆ ಮದ್ದು ದೂರಿನ ಬರವಣಿಗೆಯಲ್ಲಿದೆ. ಆಡಿದ ಕೆಟ್ಟ ಮಾತನ್ನು 'ಅವಾಚ್ಯ ಶಬ್ದಗಳಿಂದ ನಿಂದಿಸಿದರು' ಎಂದು ಮುಚ್ಚಿ ಬರೆಯುವುದು ನಮ್ಮ ಸಭ್ಯ ಅಭ್ಯಾಸ. ಹಾಗೆ ಬರೆದ ಕೂಡಲೇ ಜನಾಂಗದ ಸುಳಿವೇ ದೂರಿನಿಂದ ಮಾಯವಾಗುತ್ತದೆ. ಆಡಿದ ಮಾತನ್ನು ಆಡಿದಂತೆಯೇ ಬರೆಯಿಸಿ:

'ನಾನು ಈ ದಿನ ಸಂಜೆ 7-10ರ ಹೊತ್ತಿಗೆ ಇಂಥ ರಸ್ತೆಯ ಇಂಥ ಅಂಗಡಿಯ ಮುಂದೆ ನಿಂತಿದ್ದಾಗ, ನೋಡಿದರೆ ಗುರುತಿಸಬಲ್ಲ ಇಬ್ಬರು ವ್ಯಕ್ತಿಗಳು ನನ್ನನ್ನು "ಏ ಚಿಂಕಿ, ನಿನ್ನ ದೇಶಕ್ಕೆ ಹೋಗು" ಎಂದು ಕನ್ನಡದಲ್ಲಿ ಮೂರು ಸಲ ಕೂಗಿ, ನನ್ನ ಎಡ ಭುಜವನ್ನು ತಳ್ಳಿದರು. ನನ್ನ ಮುಖಚಹರೆ ನೋಡಿ ಹೀಗೆ ಮಾಡಿದ್ದಾರೆ. ಸ್ಥಳದಲ್ಲಿದ್ದ ಇಬ್ಬರು ಇದನ್ನು ನೋಡಿರುತ್ತಾರೆ. ಅವರ ಹೆಸರು, ದೂರವಾಣಿ ಸಂಖ್ಯೆಗಳನ್ನು ಕೆಳಗೆ ಕೊಟ್ಟಿದ್ದೇನೆ.'

ಕನ್ನಡ ಬಾರದವರಿಗೆ ಈ ದೂರನ್ನು ಬರೆದುಕೊಡುವುದು ಕನ್ನಡ ಬಲ್ಲ ನಾವು ಮಾಡಬಹುದಾದ ಅತಿ ದೊಡ್ಡ ಸಹಾಯ ಎಂದು ನನ್ನ ಅನಿಸಿಕೆ. ಬರೆದ ಮೇಲೆ ಒಂದೊಂದೇ ವಾಕ್ಯವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ. ಅವರು ಹೇಳದ್ದನ್ನು ಸೇರಿಸಬೇಡಿ, ಖಾರ ಹೆಚ್ಚಿಸಬೇಡಿ. ನಾಳೆ ಪಾಟೀ ಸವಾಲಿನಲ್ಲಿ ಉತ್ತರ ಕೊಡುವವರು ಅವರು.

ಘಟನೆ ನಡೆದ ಜಾಗ ನಮ್ಮ ವ್ಯಾಪ್ತಿಯಲ್ಲ ಎಂದರೆ 'ಝೀರೋ ಎಫ್‌ಐಆರ್' ಕೇಳಿ. ಪೊಲೀಸರು, ನ್ಯಾಯಾಲಯಗಳು ಅಪರಾಧ ಪ್ರಕರಣ ನಡೆಸುವ ವಿಧಾನ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಯಾವ ಠಾಣೆಯಲ್ಲಾದರೂ ದಾಖಲಿಸಲು ಅವಕಾಶ ಕೊಟ್ಟಿದೆ. ದೂರನ್ನು ಇಮೇಲಿನಂಥ ವಿದ್ಯುನ್ಮಾನ ದಾರಿಯಲ್ಲೂ ಕಳಿಸಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ತೆಗೆದುಕೊಳ್ಳುವುದೇ ಇಲ್ಲ ಎಂದರೆ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಬೆಂಗಳೂರಿನಂಥ ನಗರದಲ್ಲಿ ಡಿಸಿಪಿಗೆ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅದಾದ ಮೇಲೆ ಮ್ಯಾಜಿಸ್ಟ್ರೇಟ್. ಒಂದು ವರ್ಷದೊಳಗಿನ ಘಟನೆಯಾದರೆ, ಮತ್ತು ತಪ್ಪಿತಸ್ಥರು ಸರ್ಕಾರಿ ನೌಕರರಾಗಿದ್ದರೆ ಅಥವಾ ತಡೆಯಬೇಕಾದ ನೌಕರರು ಕೈಕಟ್ಟಿ ಕುಳಿತಿದ್ದರೆ, ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ.

196ರ ಬಗ್ಗೆ ಒಂದು ಕಿವಿಮಾತು. ಈ ಕಲಮಿನಡಿ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳಲು ಸರ್ಕಾರದ ಪೂರ್ವಾನುಮತಿ ಬೇಕು. ಕಡತ ಅಲ್ಲಿ ಧೂಳು ತಿನ್ನುವುದುಂಟು. ತಿಂಗಳಿಗೊಮ್ಮೆ ಹೋಗಿ ಕೇಳುವವರಿದ್ದರೆ ಧೂಳು ಸ್ವಲ್ಪ ಕಡಿಮೆ ಹಿಡಿಯುತ್ತದೆ. ವಕೀಲರಿಗೆ ಹಣವಿಲ್ಲವೆಂದರೆ 15100ಕ್ಕೆ ಕರೆ ಮಾಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಜನಾಂಗೀಯ ಹಿಂಸೆಗೆ ತುತ್ತಾದವರಿಗೆ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ.

ಹಂತ 5: ಬಾಡಿಗೆ ಮನೆ

ಬೈಗುಳ ಒಂದು ಗಳಿಗೆಯದು. ಮನೆ ಸಿಗದಿರುವುದು ತಿಂಗಳುಗಟ್ಟಲೆಯ ಹಿಂಸೆ. ಟು-ಲೆಟ್ ಫಲಕ ತೂಗುತ್ತಿರುತ್ತದೆ, ಫೋನಿನಲ್ಲಿ 'ಬನ್ನಿ' ಎನ್ನುತ್ತಾರೆ, ಮುಖ ನೋಡಿದ ಮೇಲೆ 'ಈಗಷ್ಟೇ ಯಾರೋ ಅಡ್ವಾನ್ಸ್ ಕೊಟ್ಟರು' ಎನ್ನುತ್ತಾರೆ.

ಮನೆ ಇರುವವರು ನೀವಾದರೆ ಇದಕ್ಕಿಂತ ನೇರವಾದ ಚಳವಳಿ ಬೇರೆ ಇಲ್ಲ: ಕೊಡಿ. ವಿದೇಶಿಯರಿಗೆ ಕೊಟ್ಟರೆ ಪೊಲೀಸರ ಕಾಟ ಎಂಬ ಹೆದರಿಕೆ ಇದೆ. ವಾಸ್ತವವಾಗಿ ಬೇಕಾದದ್ದು 'ಫಾರ್ಮ್ ಸಿ' ಎಂದು ಕರೆಯುತ್ತ ಬಂದಿರುವ ಒಂದು ವಿವರಪಟ್ಟಿ. ವಿದೇಶಿ ಬಾಡಿಗೆದಾರ ಬಂದ 24 ಗಂಟೆಯೊಳಗೆ ವಲಸೆ ಇಲಾಖೆಯ ಜಾಲತಾಣದಲ್ಲಿ ಪಾಸ್‌ಪೋರ್ಟ್, ವೀಸಾ ವಿವರ ತುಂಬಬೇಕು. ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ. ಈಶಾನ್ಯ ರಾಜ್ಯದವರಿಗೆ ಇದು ಬೇಡವೇ ಬೇಡ, ಅವರು ಈ ದೇಶದವರು. ಇದನ್ನೂ ವಿವರಿಸಿ ಹೇಳಬೇಕಾಗಿ ಬಂದಿದೆ ನನಗೆ.

ನಮ್ಮ ವಸತಿ ಸಮುಚ್ಚಯದ ಸಭೆಯಲ್ಲಿ ಒಮ್ಮೆ 'ವಾಸನೆ'ಯ ವಿಷಯ ಬಂತು. ಮಣಿಪುರದ ಹುಡುಗಿಯರು ಒಣಮೀನಿನ ಚಟ್ನಿ ಮಾಡುತ್ತಾರೆ, ಮನೆ ಬಿಡಿಸಬೇಕು ಎಂದು. ಎದ್ದು ನಿಂತವರು ಮಂಗಳೂರು ಕಡೆಯ ಒಬ್ಬ ಅಮ್ಮ. 'ಮಳೆಗಾಲದಲ್ಲಿ ನಾನು ಗೊಲಾಯಿ ಮೀನು ಸುಟ್ಟಾಗ ಯಾರೂ ಸಭೆ ಕರೆಯಲಿಲ್ಲ. ಕರೆಯುವುದಾದರೆ ಮೊದಲು ನನ್ನನ್ನು ಬಿಡಿಸಿ' ಎಂದರು. ಸಭೆ ಕಸ ವಿಂಗಡಣೆಯ ವಿಷಯಕ್ಕೆ ಹೊರಳಿತು. ಸಂಘದ ಸಭೆಗೆ ತಪ್ಪದೆ ಹೋಗಿ ಎಂದು ನಾನು ಹೇಳುವುದು ಇದಕ್ಕೇ. ಬೇಸರದ ಸಭೆಗಳಲ್ಲಿಯೇ ಬಾಡಿಗೆಯ ನಿಯಮಗಳು ಸದ್ದಿಲ್ಲದೆ ಪಾಸಾಗುವುದು. 'ಬಾಡಿಗೆದಾರರ ಊರು, ಜನಾಂಗ ಕೇಳತಕ್ಕದ್ದಲ್ಲ' ಎಂಬ ಒಂದು ಸಾಲನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಡಿ.

ಕೊಡಲು ಮನೆ ಇಲ್ಲದವರು ನೀವಾದರೆ, ಅವರು ಬಾಡಿಗೆ ಮನೆ ಹುಡುಕುವಾಗ ಜೊತೆಗೆ ಹೋಗಬಹುದು. ಕನ್ನಡದಲ್ಲಿ ಮಾಲೀಕರೊಡನೆ ಮಾತಾಡಲು ಒಬ್ಬರಿದ್ದರೆ ಅರ್ಧ ಅನುಮಾನ ಹೊಸ್ತಿಲಲ್ಲೇ ಕರಗುತ್ತದೆ. ಅದು ನ್ಯಾಯವಲ್ಲ, ಗೊತ್ತು. ಆದರೆ ಅವರಿಗೆ ಇವತ್ತು ರಾತ್ರಿ ಮಲಗಲು ಜಾಗ ಬೇಕು.

ಹಂತ 6: ವದಂತಿಯ ದಿನ

2012ರ ಆಗಸ್ಟಿನ ಬೆಂಗಳೂರು ರೈಲು ನಿಲ್ದಾಣವನ್ನು ನೋಡಿದವರು ಮರೆಯಲಾರರು. ಅಸ್ಸಾಮಿನ ಕೊಕ್ರಝಾರ್ ಹಿಂಸಾಚಾರದ ಬೆನ್ನಿಗೆ, ಇಲ್ಲಿರುವ ಈಶಾನ್ಯದವರ ಮೇಲೆ ದಾಳಿಯಾಗುತ್ತದೆ ಎಂಬ ಎಸ್ಸೆಮ್ಮೆಸ್ಸುಗಳು ಹರಿದಾಡಿದವು. ಕೆಲವೇ ದಿನಗಳಲ್ಲಿ ಸಾವಿರಾರು ಜನ ಗಂಟುಮೂಟೆ ಕಟ್ಟಿ ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲು ಬಿಡಬೇಕಾಯಿತು. ಕೊನೆಗೆ ಕೇಂದ್ರ ಸರ್ಕಾರ ಸಗಟು ಎಸ್ಸೆಮ್ಮೆಸ್‌ಗೆ ಐದರ ಮಿತಿ ಹಾಕಿತು.

ಅಂಥ ದಿನ ಮತ್ತೆ ಬಂದರೆ 'ಇದು ಸುಳ್ಳು' ಎಂದು ಸಂದೇಶ ಹರಡುವುದರಿಂದ ಹೆಚ್ಚೇನೂ ಆಗದು, ಹೆದರಿದವರಿಗೆ ಬೇಕಾದದ್ದು ಮನುಷ್ಯರು. ಗೊತ್ತಿರುವವರ ಮನೆಗೆ ಹೋಗಿ ಬಾಗಿಲು ತಟ್ಟಿ. ರಾತ್ರಿ ನಮ್ಮಲ್ಲೇ ಇರಿ ಎನ್ನಿ. ಠಾಣೆಗೆ ಫೋನ್ ಮಾಡಿ ಬೀಟ್ ಪೊಲೀಸರ ನಂಬರು ತೆಗೆದುಕೊಡಿ. ಅವರು ದುಡಿಯುವ ಹೋಟೆಲು, ಸಲೂನಿನ ಮಾಲೀಕರಿಗೆ ಹೇಳಿ, ಎರಡು ದಿನ ಗೈರಾದರೆ ಸಂಬಳ ಹಿಡಿಯದಂತೆ ನೋಡಿಕೊಳ್ಳಿ. ಇದಕ್ಕೆಲ್ಲ ಪರಿಚಯ ಮೊದಲೇ ಇರಬೇಕು. ವದಂತಿಯ ದಿನ ಹೋಗಿ ಬಾಗಿಲು ತಟ್ಟಿದ ಅಪರಿಚಿತನನ್ನು ಕಂಡರೆ ಅವರು ಇನ್ನಷ್ಟು ಹೆದರುತ್ತಾರೆ.

ಹಂತ 7: ನಾಲ್ಕು ಜನ ಸೇರುವುದು, ಆಮೇಲೆ ಕಾಯುವುದು

ಅಮೆರಿಕದ ಮಾಂಟ್ಗೊಮರಿ ಊರಿನಲ್ಲಿ 1955ರ ಡಿಸೆಂಬರ್ 1ರಂದು ಬಿಳಿಯನಿಗೆ ಬಸ್ಸಿನ ಆಸನ ಬಿಟ್ಟುಕೊಡದೆ ಬಂಧನಕ್ಕೊಳಗಾದ ರೋಸಾ ಪಾರ್ಕ್ಸ್ ಅವರ ಹೆಸರು ಎಲ್ಲರಿಗೂ ಗೊತ್ತು. ಆ ರಾತ್ರಿ ಜೋ ಆ್ಯನ್ ರಾಬಿನ್ಸನ್ ಎಂಬ ಅಧ್ಯಾಪಕಿ ತಮ್ಮ ಕಾಲೇಜಿನ ಯಂತ್ರದಲ್ಲಿ ಬೆಳಗಾಗುವ ತನಕ, ಬಸ್ಸುಗಳನ್ನು ಬಹಿಷ್ಕರಿಸಿ ಎಂಬ ಸಾವಿರಾರು ಕರಪತ್ರ ಅಚ್ಚು ಹಾಕಿದರು. ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆ ಹೆಂಗಸರ ಗುಂಪು ಕಟ್ಟಿ ಊಟ, ಕೇಕು ಮಾಡಿ ಮಾರಿದರು. ಬಸ್ಸು ಬಿಟ್ಟವರನ್ನು ಕೆಲಸಕ್ಕೆ ಸಾಗಿಸುವ ಕಾರುಗಳ ಪೆಟ್ರೋಲಿಗೆ ಆ ದುಡ್ಡು ಹೋಯಿತು. ಬಹಿಷ್ಕಾರ 381 ದಿನ ನಡೆಯಿತು. ಅಷ್ಟು ದಿನ ಭಾಷಣದಿಂದ ಯಾವ ಕಾರೂ ಓಡುವುದಿಲ್ಲ.

ನಿಮ್ಮ ಬಡಾವಣೆಗೆ ಸಂಘ ನೋಂದಾಯಿಸುವ ಅಗತ್ಯವಿಲ್ಲ. ಐದು ಜನ ಸಾಕು: ಠಾಣೆಗೆ ಬರಬಲ್ಲ ಒಬ್ಬರು, ದೂರು ಬರೆಯಬಲ್ಲ ಒಬ್ಬರು, ಪರಿಚಯದ ವಕೀಲರು, ರಾತ್ರಿ ವಾಹನ ತೆಗೆಯಬಲ್ಲವರು, ಮನೆಯಲ್ಲೊಂದು ಕೋಣೆ ಖಾಲಿ ಇರುವವರು. ಮೊದಲ ದಿನದಿಂದಲೇ ಅದರಲ್ಲಿ ಈಶಾನ್ಯದವರೋ ಆಫ್ರಿಕಾದ ವಿದ್ಯಾರ್ಥಿಗಳೋ ಇರಬೇಕು, ತೀರ್ಮಾನ ಅವರದಾಗಬೇಕು. ಅವರು ಕೇಸು ಬೇಡ, ಕ್ಷಮೆ ಕೇಳಿಸಿ ಸಾಕು ಎಂದರೆ ನಿಮ್ಮ ಸಿಟ್ಟನ್ನು ನುಂಗಿಕೊಳ್ಳಿ. ವಿದೇಶಿ ವಿದ್ಯಾರ್ಥಿಗೆ ವೀಸಾದ ಚಿಂತೆ ಇರುತ್ತದೆ, ನಮಗೆ ಇರುವುದಿಲ್ಲ. ಮುಚ್ಚಿದ ಬಾಗಿಲ ಹಿಂದೆ ಅವರ ಮಾತು ಕೇಳಿ, ಬಾಗಿಲ ಹೊರಗೆ ಅವರ ಪರವಾಗಿ ಮೈಕು ಹಿಡಿಯಬೇಡಿ.

ಸಾಕ್ಷಿ ನುಡಿಯಲು ಸಮನ್ಸ್ ಬರುವುದು ಎರಡು ವರ್ಷದ ಮೇಲಾಗಬಹುದು. ಘಟನೆಯ ರಾತ್ರಿಯೇ ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದು ದಿನಾಂಕ ಹಾಕಿ ಇಟ್ಟುಕೊಂಡಿದ್ದರೆ ಆಗ ನೆನಪು ಕೈಕೊಡುವುದಿಲ್ಲ. ರಜೆ ಹಾಕಿ, ಆಧಾರ್ ಕಾರ್ಡು, ಸಮನ್ಸ್ ಪ್ರತಿ ಇಟ್ಟುಕೊಂಡು ಹತ್ತೂವರೆಗೆ ಮುಂಚೆ ನ್ಯಾಯಾಲಯದಲ್ಲಿರಿ. ದೂರು ಕೊಟ್ಟವರು ಆವತ್ತು ಬೆಂಚಿನ ಮೇಲೆ ಒಬ್ಬರೇ ಕುಳಿತಿರುತ್ತಾರೆ, ಎದುರು ಬದಿಯಲ್ಲಿ ಆರೋಪಿಗಳ ಮನೆಮಂದಿಯೆಲ್ಲ ಬಂದಿರುತ್ತಾರೆ. ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ. ಇಬ್ಬರಿಗಾಗುವಷ್ಟು ಚಿತ್ರಾನ್ನ ಕಟ್ಟಿಕೊಂಡು ಹೋಗಿ, ಸಂಜೆಯವರೆಗೂ ನಿಮ್ಮ ಹೆಸರು ಕೂಗದೆ ಇರಬಹುದು. ಮುಂದಿನ ದಿನಾಂಕ ಕೊಟ್ಟರೆ ಇಬ್ಬರೂ ಬರೆದುಕೊಳ್ಳಿ.